ಜಾಹೀರಾತಿನ ಮರೆಯಲ್ಲಿ ನುಡಿದ ಬ್ಯಾಂಡು

ನಿರೂಪಕ ಮಾತು ನಿಲ್ಲಿಸುತ್ತಾನೆ. ವೇದಿಕೆಯ ಒಂದು ಬದಿಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕುಳಿತ ಹದಿನೈದಿಪ್ಪತ್ತು ಜನ ಒಟ್ಟಿಗೆ ಉಸಿರೆಳೆದುಕೊಳ್ಳುತ್ತಾರೆ. ಡ್ರಮ್ಮಿನ ಮೇಲೆ ಎರಡೇಟು ಬಿದ್ದದ್ದೇ ತಡ, ಟ್ರಂಪೆಟ್ಟುಗಳು, ಟ್ರಾಂಬೋನುಗಳು, ಸ್ಯಾಕ್ಸೊಫೋನುಗಳು ಒಂದೇ ಅಲೆಯಾಗಿ ಏಳುತ್ತವೆ. ಹೊದಿಕೆ ಹೊದ್ದು ಮಂಚಕ್ಕೊರಗಿ ಟಿ.ವಿ. ನೋಡುತ್ತಿರುವವರಿಗೆ ಆ ಸದ್ದು ಕೇಳುವುದು ಕೆಲವೇ ಸೆಕೆಂಡು. ಅಷ್ಟರಲ್ಲಿ ಪರದೆಯ ಮೇಲೆ ನಾಯಿಯ ಆಹಾರದ ಡಬ್ಬಿಯೋ ಸೋಪಿನ ನೊರೆಯೋ ಬಂದುಬಿಡುತ್ತದೆ. ಸ್ಟುಡಿಯೋದಲ್ಲಿ ಮಾತ್ರ ಸಂಗೀತ ನಿಲ್ಲುವುದಿಲ್ಲ. ಒಬ್ಬ ಸ್ಯಾಕ್ಸೊಫೋನ್ ವಾದಕ ಎದ್ದು ನಿಂತು ತನ್ನ ಸರದಿ ನುಡಿಸುತ್ತಾನೆ, ಟ್ರಂಪೆಟ್ಟಿನವನು ಅದಕ್ಕೆ ಉತ್ತರ ಕೊಡುತ್ತಾನೆ, ಇಡೀ ವೃಂದ ಕೃತಿಯನ್ನು ದಡ ಮುಟ್ಟಿಸುತ್ತದೆ. ಕೊನೆಯ ಸ್ವರಕ್ಕೆ ಸ್ಟುಡಿಯೋದಲ್ಲಿದ್ದ ಪ್ರೇಕ್ಷಕರು ಚಪ್ಪಾಳೆ ತಟ್ಟುವ ಹೊತ್ತಿಗೆ ಜಾಹೀರಾತು ಮುಗಿದಿರುತ್ತದೆ. ಮನೆಯವರಿಗೆ ಆ ಚಪ್ಪಾಳೆ ಕೇಳುತ್ತದೆ. ಅದು ಯಾವುದಕ್ಕೆ ಬಿದ್ದ ಚಪ್ಪಾಳೆ ಎಂಬುದು ಮಾತ್ರ ತಿಳಿಯುವುದಿಲ್ಲ.

ಅಮೆರಿಕದ ಎನ್‌ಬಿಸಿ ವಾಹಿನಿಯ ‘ದಿ ಟುನೈಟ್ ಷೋ’ ಕಾರ್ಯಕ್ರಮದ ವಾದ್ಯವೃಂದ ದಶಕಗಳ ಕಾಲ ಹೀಗೆ ಬಾಳಿತು. ದೇಶದ ಅತ್ಯುತ್ತಮ ಜಾಜ್ ವಾದಕರಲ್ಲಿ ಹಲವರು ಅದರಲ್ಲಿದ್ದರು. ಲಕ್ಷಾಂತರ ಮನೆಗಳು ಪ್ರತಿ ರಾತ್ರಿ ಅವರ ಮುಖ ಕಂಡವು, ಸಂಗೀತವನ್ನು ಮಾತ್ರ ಚೂರುಚೂರಾಗಿ ಕೇಳಿದವು. ಟೆಲಿವಿಷನ್ ಈ ಕಲಾವಿದರಿಗೆ ಅನ್ನ ಕೊಟ್ಟಿತು, ಅದೇ ಕೈಯಿಂದ ಅವರ ಕೇಳುಗರನ್ನು ಕಿತ್ತುಕೊಂಡಿತು. ಈ ಎರಡನ್ನೂ ಒಟ್ಟಿಗೆ ಇಟ್ಟು ನೋಡದೆ ಅವರ ಕಥೆ ಹೇಳಲಾಗದು.

ಕಥೆ ಶುರುವಾಗುವುದು ಟೆಲಿವಿಷನ್ನಿಗೂ ಮೊದಲು, ಬಿಗ್ ಬ್ಯಾಂಡುಗಳ ಕಾಲದಲ್ಲಿ. 1935ರ ಆಗಸ್ಟ್‌ನಲ್ಲಿ ಲಾಸ್ ಏಂಜಲೀಸಿನ ಪಾಲೊಮಾರ್ ನೃತ್ಯಶಾಲೆಯಲ್ಲಿ ಬೆನ್ನಿ ಗುಡ್‌ಮನ್ ತಂಡಕ್ಕೆ ಯುವಜನ ಹುಚ್ಚೆದ್ದು ಕುಣಿದ ಮೇಲೆ ಹತ್ತು ವರ್ಷ ಅಮೆರಿಕದ ಜನಪ್ರಿಯ ಸಂಗೀತವೆಂದರೆ ಇದೇ ಆಗಿತ್ತು. ಡ್ಯೂಕ್ ಎಲಿಂಗ್ಟನ್, ಕೌಂಟ್ ಬೇಸಿ, ಜಿಮ್ಮಿ ಲನ್ಸ್‌ಫರ್ಡ್, ಟಾಮಿ ಡಾರ್ಸಿ ಮುಂತಾದವರ ತಂಡಗಳು ಬಸ್ಸಿನಲ್ಲಿ ಊರೂರು ಸುತ್ತಿ, ಇಂದು ಒಂದು ನೃತ್ಯಶಾಲೆ, ನಾಳೆ ಇನ್ನೊಂದು ಚಿತ್ರಮಂದಿರ ಎಂದು ನುಡಿಸುತ್ತಿದ್ದವು. ಯುದ್ಧ ಬಂತು. 1942ರ ಆಗಸ್ಟ್ 1ರಂದು ಸಂಗೀತಗಾರರ ಒಕ್ಕೂಟ ಧ್ವನಿಮುದ್ರಣಕ್ಕೆ ಬಹಿಷ್ಕಾರ ಹಾಕಿತು. ದೊಡ್ಡ ಕಂಪನಿಗಳ ಮಟ್ಟಿಗೆ ಅದು ಮುಗಿದದ್ದು 1944ರ ನವೆಂಬರಿನಲ್ಲಿ. ಗಾಯಕರು ಒಕ್ಕೂಟದ ಸದಸ್ಯರಲ್ಲದ್ದರಿಂದ ಆ ಎರಡು ವರ್ಷ ವಾದ್ಯವಿಲ್ಲದೆಯೇ ಹಾಡಿ ಜನರ ಕಿವಿಗೆ ಹತ್ತಿರವಾದರು. 1944ರಲ್ಲಿ ಕುಣಿತ ಹಾಗೂ ಹಾಡು ಇರುವ ತಾಣಗಳ ಮೇಲೆ ಸರ್ಕಾರ ಭಾರಿ ತೆರಿಗೆ ಹೇರಿತು. ಮೊದಲು ನೂರಕ್ಕೆ 30, ಆಮೇಲೆ ನೂರಕ್ಕೆ 20. 1946ರ ಡಿಸೆಂಬರ್ ಹೊತ್ತಿಗೆ ಗುಡ್‌ಮನ್, ವುಡಿ ಹರ್ಮನ್, ಹ್ಯಾರಿ ಜೇಮ್ಸ್, ಟಾಮಿ ಡಾರ್ಸಿ ಸೇರಿ ಎಂಟು ಹೆಸರಾಂತ ನಾಯಕರು ಹೆಚ್ಚುಕಡಿಮೆ ಒಂದೇ ಸಮಯಕ್ಕೆ ತಂಡಗಳನ್ನು ವಿಸರ್ಜಿಸಿದರು.

ಬಿಗ್ ಬ್ಯಾಂಡುಗಳನ್ನು ಕೊಂದದ್ದು ಯಾವುದು ಎಂಬ ಬಗ್ಗೆ ವಿದ್ವಾಂಸರಲ್ಲಿ ಇಂದಿಗೂ ಒಮ್ಮತವಿಲ್ಲ. ಕೆಲವರು ತೆರಿಗೆಯತ್ತ ಬೆರಳು ತೋರುತ್ತಾರೆ, ಕೆಲವರು ಬಹಿಷ್ಕಾರದತ್ತ. ಕೂತು ಕೇಳಬೇಕಾದ ಬೀಬಾಪ್ ಶೈಲಿ ಕುಣಿಯುವವರನ್ನು ದೂರ ಮಾಡಿತು ಎನ್ನುವವರಿದ್ದಾರೆ. ಯುದ್ಧದಿಂದ ಮರಳಿದ ಹುಡುಗರು ಮದುವೆಯಾಗಿ ಮನೆ ಹಿಡಿದರು, ಸಂಜೆ ಹೊರಗೆ ಹೋಗುವ ರೂಢಿಯೇ ತಪ್ಪಿತು ಎನ್ನುವವರೂ ಇದ್ದಾರೆ. ಗಂಥರ್ ಶೂಲರ್ ಆ ಯುಗದ ಬಗ್ಗೆ ಬರೆದ ಬೃಹದ್ಗ್ರಂಥ 1945ಕ್ಕೆ ನಿಲ್ಲುತ್ತದೆ. ಸ್ಕಾಟ್ ಡಿವೋ 1997ರ ತಮ್ಮ ಪುಸ್ತಕದಲ್ಲಿ ಬೀಬಾಪನ್ನು ನೋಡಿದ್ದು ಕಪ್ಪು ಸಂಗೀತಗಾರರು ಕುಸಿಯುತ್ತಿದ್ದ ವೃತ್ತಿಯಲ್ಲಿ ತಮಗಾಗಿ ಕಂಡುಕೊಂಡ ದಾರಿಯೆಂದು. ನನಗೆ ಕಾಣುವ ಕೊರತೆ ಬೇರೆಯದು. ತಂಡಗಳು ಚದುರಿದ ಮೇಲೆ ಆ ನೂರಾರು ವಾದಕರು ಎಲ್ಲಿಗೆ ಹೋದರು, ಬಾಡಿಗೆ ಹೇಗೆ ಕಟ್ಟಿದರು, ಮಕ್ಕಳನ್ನು ಹೇಗೆ ಓದಿಸಿದರು ಎಂಬ ಪ್ರಶ್ನೆಯನ್ನು ಜಾಜ್ ಇತಿಹಾಸಗಳು ಒಂದೆರಡು ಸಾಲಿನಲ್ಲಿ ದಾಟಿಬಿಡುತ್ತವೆ.

ಹಲವರು ಹೋದದ್ದು ಪ್ರಸಾರ ಸಂಸ್ಥೆಗಳ ಒಳಕ್ಕೆ. ನಮ್ಮಲ್ಲಿ ಆಕಾಶವಾಣಿಗೆ ನಿಲಯದ ಕಲಾವಿದರು ಇದ್ದಂತೆ ಅಲ್ಲಿ ಎನ್‌ಬಿಸಿ, ಸಿಬಿಎಸ್, ಎಬಿಸಿಗಳಿಗೆ ಸಂಬಳದ ಮೇಲಿನ ವಾದ್ಯಗಾರರಿದ್ದರು. ಬೆಳಗ್ಗೆ ಮಕ್ಕಳ ಕಾರ್ಯಕ್ರಮ, ಮಧ್ಯಾಹ್ನ ನಾಟಕ, ಸಂಜೆ ಹಾಡು. ಎದುರಿಗಿಟ್ಟ ಯಾವ ಸ್ವರಪತ್ರವನ್ನಾದರೂ ಮೊದಲ ನೋಟಕ್ಕೇ ತಪ್ಪಿಲ್ಲದೆ ನುಡಿಸಬಲ್ಲವರಿಗೆ ಮಾತ್ರ ಅಲ್ಲಿ ಜಾಗ. ಕೆಲಸ ಮುಗಿದರೆ ಮನೆಗೆ ಹೋಗಿ ಊಟ ಮಾಡಬಹುದಿತ್ತು. ವರ್ಷಗಟ್ಟಲೆ ಬಸ್ಸಿನ ಸೀಟಿನ ಮೇಲೆ ಮಲಗಿದವರಿಗೆ ಅದೊಂದು ದೊಡ್ಡ ಭಾಗ್ಯ. ಪಿಯಾನೋದ ಹ್ಯಾಂಕ್ ಜೋನ್ಸ್‌ರಂಥ ಮಹಾನುಭಾವ 1959ರಿಂದ ಹದಿನೈದು ವರ್ಷಕ್ಕೂ ಹೆಚ್ಚು ಕಾಲ ಸಿಬಿಎಸ್‌ನ ಸಂಬಳದಲ್ಲಿದ್ದರು. 1962ರಲ್ಲಿ ಅಧ್ಯಕ್ಷ ಕೆನಡಿಗೆ ಮರ್ಲಿನ್ ಮನ್ರೋ ಹುಟ್ಟುಹಬ್ಬದ ಹಾಡು ಹಾಡಿದಾಗ ಪಿಯಾನೋ ಹಿಂದೆ ಕುಳಿತಿದ್ದವರು ಇವರೇ.

ಆದರೆ ಹ್ಯಾಂಕ್ ಜೋನ್ಸ್‌ರಂಥ ಕಪ್ಪು ಕಲಾವಿದರಿಗೆ ಆ ಬಾಗಿಲು ಬಹುಕಾಲ ತೆರೆದಿರಲಿಲ್ಲ. 1942ರಲ್ಲಿ ಸಿಬಿಎಸ್ ರೇಡಿಯೋದಲ್ಲಿ ರೇಮಂಡ್ ಸ್ಕಾಟ್ ತಮ್ಮ ತಂಡಕ್ಕೆ ಬೆನ್ ವೆಬ್‌ಸ್ಟರ್, ಚಾರ್ಲಿ ಶೇವರ್ಸ್, ಕೋಜಿ ಕೋಲ್ ಮುಂತಾದ ಕಪ್ಪು ಕಲಾವಿದರನ್ನು ಸೇರಿಸಿಕೊಂಡದ್ದು ಸುದ್ದಿಯಾಯಿತು, ರೂಢಿಯಾಗಲಿಲ್ಲ. ಜಾಜ್ ಸಂಗೀತವನ್ನು ಹುಟ್ಟಿಸಿದ ಜನಾಂಗದವರು ಅದೇ ಸಂಗೀತ ನುಡಿಸುವ ಸಂಬಳದ ಕೆಲಸದಿಂದ ಹೊರಗೇ ಉಳಿದರು. ಕಪ್ಪು ಜನರ ಉದ್ಯೋಗಕ್ಕಾಗಿ ದುಡಿಯುತ್ತಿದ್ದ ಅರ್ಬನ್ ಲೀಗ್ ಸಂಸ್ಥೆ ಒತ್ತಡ ಹೇರಿದ ಮೇಲೆ, 1960ರಲ್ಲಿ ಎನ್‌ಬಿಸಿ ಮೊದಲ ಬಾರಿಗೆ ಒಬ್ಬ ಕಪ್ಪು ವಾದಕನನ್ನು ಕಾಯಂ ನೌಕರಿಗೆ ತೆಗೆದುಕೊಂಡಿತು. ಆತನ ಹೆಸರು ಕ್ಲಾರ್ಕ್ ಟೆರಿ. ಸೇಂಟ್ ಲೂಯಿಸ್‌ನ ಬಡ ಕುಟುಂಬದಲ್ಲಿ 1920ರಲ್ಲಿ ಹುಟ್ಟಿದ ಟೆರಿ, ಬೇಸಿಯ ತಂಡದಲ್ಲಿ ಮೂರು ವರ್ಷ, ಎಲಿಂಗ್ಟನ್‌ರ ತಂಡದಲ್ಲಿ ಎಂಟು ವರ್ಷ ಪಳಗಿದವರು. ಮೈಲ್ಸ್ ಡೇವಿಸ್, ಕ್ವಿನ್ಸಿ ಜೋನ್ಸ್ ಇಬ್ಬರೂ ಹುಡುಗರಾಗಿದ್ದಾಗ ಇವರ ಬಳಿ ಪಾಠ ಹೇಳಿಸಿಕೊಂಡಿದ್ದರು. ಅಂಥವರನ್ನು ನೌಕರಿಗೆ ತೆಗೆದುಕೊಳ್ಳಲು ಒಂದು ಸಂಸ್ಥೆಗೆ ಹೊರಗಿನ ಒತ್ತಡ ಬೇಕಾಯಿತು ಎಂಬುದನ್ನು ಓದುವಾಗಲೆಲ್ಲ ನನಗೆ ಮನಸ್ಸು ಕಹಿಯಾಗುತ್ತದೆ.

ಟೆರಿ ಬರುವ ಹೊತ್ತಿಗೆ ‘ಟುನೈಟ್’ ಆರು ವರ್ಷ ಹಳೆಯದಾಗಿತ್ತು. 1954ರ ಸೆಪ್ಟೆಂಬರ್ 27ರಂದು ಅದನ್ನು ಆರಂಭಿಸಿದ ಸ್ಟೀವ್ ಆ್ಯಲನ್ ಸ್ವತಃ ಪಿಯಾನೋ ವಾದಕ, ಹಾಡು ಕಟ್ಟುವವರು. ತಡರಾತ್ರಿಯ ಹರಟೆಗೆ ಜಾಜ್ ಜೊತೆಯಾದದ್ದು ಅವರಿಂದ. ಸ್ಕಿಚ್ ಹೆಂಡರ್ಸನ್ ಅವರ ವೃಂದ ನಾಯಕರು. ನಡುವೆ ಜ್ಯಾಕ್ ಪಾರ್ ಐದು ವರ್ಷ ನಡೆಸಿ ಬಿಟ್ಟರು. 1962ರ ಅಕ್ಟೋಬರ್ 1ರಂದು ಜಾನಿ ಕಾರ್ಸನ್ ಬಂದರು, ಹೆಂಡರ್ಸನ್ ಮರಳಿದರು. ಕಾರ್ಸನ್ ನೆಬ್ರಾಸ್ಕದ ಬಯಲುಸೀಮೆಯಲ್ಲಿ ಬೆಳೆದ ಹಾಸ್ಯಗಾರ. ಮನೆಯಲ್ಲಿ ತಾನೇ ಡ್ರಮ್ಸ್ ಬಾರಿಸುತ್ತಿದ್ದ ಮನುಷ್ಯ, ಜಾಜ್ ಎಂದರೆ ಪ್ರಾಣ. ರಾಕ್ ಸಂಗೀತ ದೇಶವನ್ನೆಲ್ಲ ಆವರಿಸಿದ ಮೇಲೂ ಒಂದು ದುಬಾರಿ ಬಿಗ್ ಬ್ಯಾಂಡು ಮೂವತ್ತು ವರ್ಷ ಟಿ.ವಿ.ಯಲ್ಲಿ ಉಳಿದದ್ದಕ್ಕೆ ಈ ಒಬ್ಬನ ಕಿವಿಯ ರುಚಿ ದೊಡ್ಡ ಕಾರಣ. ಒಬ್ಬನ ರುಚಿಯ ಮೇಲೆ ನಿಂತದ್ದು ಅವನೊಂದಿಗೇ ಬೀಳುತ್ತದೆ ಎಂಬುದು ಆಗ ಯಾರಿಗೂ ಹೊಳೆದಿರಲಿಕ್ಕಿಲ್ಲ.

ಹೊಸ ನಿರೂಪಕನಿಗೆ ಹೊಸ ಆರಂಭ ಸಂಗೀತ ಬೇಕಿತ್ತು. ಹಾಡುಗಾರ ಪಾಲ್ ಆಂಕಾ ತಾನು ಹಿಂದೆ ಕಟ್ಟಿದ್ದ ಒಂದು ಧಾಟಿಯನ್ನು ಮುಂದಿಟ್ಟರು. ಅದೇ ಧಾಟಿ 1959ರಲ್ಲಿ ಅನೆಟ್ ಫ್ಯೂನಿಚೆಲ್ಲೊ ಕಂಠದಲ್ಲಿ ಪ್ರೇಮಗೀತೆಯಾಗಿ ಬಂದಿತ್ತು. ಈಗ ಡ್ರಮ್ಮಿನ ಉರುಳು, ಟ್ರಂಪೆಟ್ಟಿನ ಕೂಗು ಸೇರಿ ಅದು ‘ಜಾನೀಸ್ ಥೀಮ್’ ಆಯಿತು. ಕಾರ್ಸನ್ ಅದಕ್ಕೆ ಸಾಹಿತ್ಯ ಬರೆದುಕೊಟ್ಟರು. ಆ ಸಾಹಿತ್ಯವನ್ನು ಕಾರ್ಯಕ್ರಮದಲ್ಲಿ ಯಾರೂ ಹಾಡಲಿಲ್ಲ. ಆದರೂ ಸಹಕರ್ತೃ ಎಂಬ ಹೆಸರಿನಿಂದ ಪ್ರತಿ ಪ್ರಸಾರದ ಗೌರವಧನದಲ್ಲಿ ಅರ್ಧ ಅವರಿಗೆ ಸಂದಿತು. ಆ ಮೂವತ್ತು ವರ್ಷಗಳಲ್ಲಿ ಈ ವೃಂದ ಸಾವಿರಾರು ಸಲ ನುಡಿಸಿದ, ಮನೆಯವರ ಕಿವಿಗೆ ಸ್ಪಷ್ಟವಾಗಿ ಬಿದ್ದ ಕೃತಿ ಇದೊಂದೇ ಎನ್ನಬೇಕು.

ಹೆಂಡರ್ಸನ್ 1966ರಲ್ಲಿ ಹೊರಟರು. ಮಿಲ್ಟನ್ ಡಿಲಗ್ ಸ್ವಲ್ಪ ಕಾಲ ನಡೆಸಿದರು. 1967ರಲ್ಲಿ ಟ್ರಂಪೆಟ್ ಸಾಲಿನಿಂದ ಎದ್ದು ಮುಂದೆ ಬಂದವರು ಡಾಕ್ ಸೆವೆರಿನ್‌ಸನ್. ಆರೆಗನ್ ರಾಜ್ಯದ ಆರ್ಲಿಂಗ್ಟನ್ ಎಂಬ ಪುಟ್ಟ ಊರಿನ ಹಲ್ಲಿನ ಡಾಕ್ಟರ ಮಗ. ಊರವರಿಗೆ ಅಪ್ಪ ‘ಡಾಕ್’, ಮಗ ‘ಚಿಕ್ಕ ಡಾಕ್’. ಏಳು ವರ್ಷದ ಹುಡುಗ ಟ್ರಾಂಬೋನ್ ಬೇಕೆಂದು ಹಟ ಹಿಡಿದಿದ್ದನಂತೆ. ಆ ಊರಿನಲ್ಲಿ ಟ್ರಾಂಬೋನೇ ಸಿಗಲಿಲ್ಲ, ಸಿಕ್ಕಿದರೂ ಅವನ ಕೈ ಎಟುಕುತ್ತಿರಲಿಲ್ಲ. ಇದ್ದ ಕಾರ್ನೆಟ್ಟನ್ನೇ ಕೊಟ್ಟರು. ವಾರದೊಳಗೆ ಹೈಸ್ಕೂಲಿನ ಬ್ಯಾಂಡಿನವರು ಅವನನ್ನು ಕರೆದುಕೊಂಡರು. ಮುಂದೆ ಚಾರ್ಲಿ ಬಾರ್ನೆಟ್, ಟಾಮಿ ಡಾರ್ಸಿ ತಂಡಗಳಲ್ಲಿ ತಿರುಗಿ, 1949ರಲ್ಲಿ ಎನ್‌ಬಿಸಿ ಸೇರಿದರು. ಕಣ್ಣು ಕುಕ್ಕುವ ಬಣ್ಣಬಣ್ಣದ ಸೂಟುಗಳಿಂದ ಅವರು ದೇಶಕ್ಕೆಲ್ಲ ಗುರುತಾದರು. ಆ ಸೂಟುಗಳ ಮೇಲೆ ಕಾರ್ಸನ್ ಪ್ರತಿ ರಾತ್ರಿ ತಮಾಷೆ ಮಾಡುತ್ತಿದ್ದರು. ಆ ನಗೆಯ ಹಿಂದೆ ಇದ್ದದ್ದು ದಿನ ತಪ್ಪದ ಸಾಧಕ. ಟ್ರಂಪೆಟ್ ವಾದನದಲ್ಲಿ ತುಟಿಯ ಸ್ನಾಯುಗಳೇ ತಂತಿ. ಎರಡು ದಿನ ಬಿಟ್ಟರೆ ಶ್ರುತಿ ಕೈಕೊಡುತ್ತದೆ. ಬೇರೆಯವರು ಜೋಪಾನವಾಗಿ ಹತ್ತುವ ತಾರಸ್ಥಾಯಿಯ ಸ್ವರಗಳನ್ನು ಡಾಕ್ ಬಾಗಿಲು ತಳ್ಳಿ ಒಳಬರುವಷ್ಟು ನಿರಾಯಾಸವಾಗಿ ಹಿಡಿಯುತ್ತಿದ್ದರು.

ಅವರ ಸಾಲಿನಲ್ಲೇ ಕುಳಿತಿದ್ದರು ಸ್ನೂಕಿ ಯಂಗ್. 1939ರಲ್ಲಿ, ಇಪ್ಪತ್ತರ ಹರೆಯದಲ್ಲಿ, ಲನ್ಸ್‌ಫರ್ಡ್ ತಂಡದ ‘ಅಪ್‌ಟೌನ್ ಬ್ಲೂಸ್’ ಮುದ್ರಿಕೆಯಲ್ಲಿ ಅವರು ನುಡಿಸಿದ ಏಕವಾದನ ಜಾಜ್ ಪ್ರಿಯರಲ್ಲಿ ಹೆಸರಾಗಿದೆ. ಯಂಗ್ ಬಗ್ಗೆ ಬರೆಯುವಾಗ ಒಂದು ವಸ್ತುವನ್ನು ಬಿಡಲಾಗದು. ಮೋರಿ ಕಟ್ಟಿಕೊಂಡಾಗ ಒತ್ತಿ ಬಿಡಿಸುವ ರಬ್ಬರ್ ಬಟ್ಟಲಿದೆಯಲ್ಲ, ಅದರ ಹಿಡಿ ಕಿತ್ತರೆ ಉಳಿಯುವ ಬಟ್ಟಲೇ ಅವರ ಸಾಧನ. ಬಲಗೈ ಬೆರಳುಗಳು ಟ್ರಂಪೆಟ್ಟಿನ ಗುಂಡಿಗಳ ಮೇಲೆ, ಎಡ ಅಂಗೈಯಲ್ಲಿ ರಬ್ಬರ್ ಬಟ್ಟಲು. ಟ್ರಂಪೆಟ್ಟಿನ ಬಾಯಿಗೆ ಅದನ್ನು ಮುಚ್ಚಿದರೆ ‘ವೂ’, ತೆರೆದರೆ ‘ವಾ’, ನಡುವಿನಲ್ಲಿ ಅರೆತೆರೆದು ಅಲುಗಿಸಿದರೆ ಮನುಷ್ಯ ಗದ್ಗದಿತನಾಗಿ ಮಾತಾಡಿದಂತೆ. ಅಂಗಡಿಯಲ್ಲಿ ಚಿಲ್ಲರೆ ಕಾಸಿಗೆ ಸಿಗುವ ಆ ಬಟ್ಟಲಿನಿಂದ ಅವರು ಹಿತ್ತಾಳೆಗೆ ನಾಲಿಗೆ ಕೊಟ್ಟರು.

ಕ್ಲಾರ್ಕ್ ಟೆರಿ ಇನ್ನೊಂದು ಬಗೆ. ಒಂದು ಕೈಯಲ್ಲಿ ಟ್ರಂಪೆಟ್, ಇನ್ನೊಂದು ಕೈಯಲ್ಲಿ ಅದಕ್ಕಿಂತ ಮೃದುದನಿಯ ಫ್ಲೂಗಲ್‌ಹಾರ್ನ್ ಹಿಡಿದು, ಎರಡು ಮೂರು ಸ್ವರ ಇದರಲ್ಲಿ, ಎರಡು ಮೂರು ಅದರಲ್ಲಿ ಊದುತ್ತ ತನ್ನೊಡನೆ ತಾನೇ ಸವಾಲು ಜವಾಬು ನಡೆಸುತ್ತಿದ್ದರು. ಅವರನ್ನು ಮನೆಮನೆಗೆ ಪರಿಚಯಿಸಿದ್ದು ‘ಸ್ಟಂಪ್ ದಿ ಬ್ಯಾಂಡ್’ ಎಂಬ ಆಟ. ಕಾರ್ಸನ್ ಪ್ರೇಕ್ಷಕರ ನಡುವೆ ಹೋಗಿ ನಿಲ್ಲುವರು. ಯಾರಾದರೂ ಎದ್ದು, ಯಾರೂ ಕೇಳಿರದ ಒಂದು ಹಾಡಿನ ಹೆಸರು ಹೇಳಬೇಕು. ವೃಂದಕ್ಕೆ ಗೊತ್ತಿದ್ದರೆ ನುಡಿಸಬೇಕು, ಗೊತ್ತಿಲ್ಲದಿದ್ದರೆ ಸೋತಂತೆ, ಕೇಳಿದವರಿಗೆ ಹೋಟೆಲ್ ಊಟದ ಚೀಟಿ. ಗೊತ್ತಿಲ್ಲದ ಹಾಡು ಬಂದಾಗ ಟೆರಿ ಕೈ ಎತ್ತುತ್ತಿದ್ದರು. ಎದ್ದು ನಿಂತು ಬ್ಲೂಸ್ ಧಾಟಿಯಲ್ಲಿ ಹಾಡಲು ತೊಡಗುತ್ತಿದ್ದರು. ಪದಗಳಿವೆ ಎನಿಸುತ್ತದೆ, ಒಂದೂ ತಿಳಿಯುವುದಿಲ್ಲ. ಗೊಣಗು, ನಗು, ನಡುವೆ ಅರ್ಥವಾದಂತೆ ಕಾಣುವ ಒಂದು ಮಾತು, ಮತ್ತೆ ಗೊಣಗು. ಕುಡಿದ ಮುದುಕ ಊರ ಕಟ್ಟೆಯ ಮೇಲೆ ಕುಳಿತು ತನ್ನ ಕಷ್ಟಸುಖ ಹೇಳಿಕೊಂಡಂತೆ. ಆದರೆ ಆ ಗೊಣಗು ಒಂದಿನಿತೂ ತಾಳ ಬಿಡುತ್ತಿರಲಿಲ್ಲ. 1964ರಲ್ಲಿ ಆಸ್ಕರ್ ಪೀಟರ್ಸನ್ ತ್ರಯದ ಜೊತೆ ಮುದ್ರಿಸಿದ ‘ಮಂಬಲ್ಸ್’ ಮೂಲಕ ಈ ಶೈಲಿಯೇ ಅವರ ಹೆಗ್ಗುರುತಾಯಿತು. ತಮಾಷೆಗೆಂದು ಇಟ್ಟ ಆಟದ ಸಂದಿಯಲ್ಲಿ ಒಬ್ಬ ಮಹಾಕಲಾವಿದ ತನ್ನ ಕಲೆಗೆ ಜಾಗ ಮಾಡಿಕೊಂಡ ರೀತಿ ಇದು.

ಡ್ರಮ್ಸ್ ಹಿಂದೆ ಇದ್ದ ಎಡ್ ಶಾನೆಸಿಯವರಿಗೂ ನಮಗೂ ಒಂದು ನಂಟಿದೆ. ಶಾನೆಸಿ ತಬಲಾ ಕಲಿತದ್ದು ಉಸ್ತಾದ್ ಅಲ್ಲಾ ರಖಾ ಅವರ ಬಳಿ. ಜಾಜ್ ಬಹುಪಾಲು ನಾಲ್ಕರ ಎಣಿಕೆಯಲ್ಲಿ ನಡೆಯುವ ಸಂಗೀತ. ನಮ್ಮ ಕಿವಿಗೆ ಮಿಶ್ರಛಾಪುವಿನ ಏಳು, ಖಂಡಛಾಪುವಿನ ಐದು ಸಹಜ, ಅಲ್ಲಿಯ ಡ್ರಮ್ಮರುಗಳಿಗೆ ಅದು ಹೊಸ ಸೀಮೆ. ಅಂಥ ಎಣಿಕೆಗಳನ್ನು ಜಾಜ್ ಡ್ರಮ್ಸ್‌ಗೆ ತರುವುದು ಹೇಗೆಂದು ಶಾನೆಸಿ ಅರವತ್ತರ ದಶಕದಲ್ಲಿ ಒಂದು ಪಾಠಪುಸ್ತಕವನ್ನೇ ಬರೆದರು. ಕಾರ್ಸನ್‌ರ ಅಚ್ಚುಮೆಚ್ಚಿನ ಅತಿಥಿ, ಡ್ರಮ್ಸ್ ಮಾಂತ್ರಿಕ ಬಡ್ಡಿ ರಿಚ್ ಕೂಡ 1968ರಲ್ಲಿ ಅಲ್ಲಾ ರಖಾ ಜೊತೆ ಒಂದು ಮುದ್ರಿಕೆ ಹೊರತಂದರು. ರಿಚ್ ಮತ್ತು ಶಾನೆಸಿ ಎದುರುಬದುರು ಕುಳಿತು ಈ ಕಾರ್ಯಕ್ರಮದಲ್ಲಿ ಜುಗಲ್‌ಬಂದಿ ನಡೆಸಿದ ದೃಶ್ಯ ಉಳಿದಿದೆ. ಇಬ್ಬರ ಕೋಲುಗಳಲ್ಲೂ ತಬಲಾದ ಗುರುವೊಬ್ಬರ ಒಡನಾಟದ ನೆನಪು ಇದ್ದಿರಬೇಕು ಎಂದುಕೊಂಡು ನಾನು ಅದನ್ನು ನೋಡುತ್ತೇನೆ.

1972ರ ಮೇ ತಿಂಗಳು ಈ ಕಥೆಯ ದೊಡ್ಡ ತಿರುವು. ನ್ಯೂಯಾರ್ಕಿನ ರಾಕ್‌ಫೆಲರ್ ಕಟ್ಟಡದಲ್ಲಿದ್ದ ಕಾರ್ಯಕ್ರಮವನ್ನು ಕಾಯಂ ಆಗಿ ಕ್ಯಾಲಿಫೋರ್ನಿಯದ ಬರ್‌ಬ್ಯಾಂಕಿಗೆ ಸಾಗಿಸಿದರು. ಸಿನಿಮಾ ತಾರೆಯರು ಅಲ್ಲಿ, ಟೆಲಿವಿಷನ್ ಉದ್ಯಮದ ತೂಕವೂ ಅತ್ತ ವಾಲಿತ್ತು. ಕ್ಯಾಮೆರಾ, ಮೇಜು, ಪರದೆ ಸಾಗಿಸುವುದು ಸುಲಭ. ವಾದಕರಿಗೆ ನ್ಯೂಯಾರ್ಕ್ ಎಂದರೆ ಆ ಒಂದು ನೌಕರಿಯಷ್ಟೇ ಅಲ್ಲ. ಹಗಲು ಧ್ವನಿಮುದ್ರಣ, ಸಂಜೆ ಸ್ಟುಡಿಯೋ, ರಾತ್ರಿ ಕ್ಲಬ್ಬು. ಸ್ನೂಕಿ ಯಂಗ್ ಅವರನ್ನೇ ನೋಡಿ. 1965ರಲ್ಲಿ ಥ್ಯಾಡ್ ಜೋನ್ಸ್ ಮತ್ತು ಮೆಲ್ ಲೂಯಿಸ್ ಕಟ್ಟಿದ ವೃಂದದಲ್ಲಿ ಮೊದಲ ದಿನದಿಂದಲೂ ಇದ್ದವರು. ಆ ವೃಂದ ಪ್ರತಿ ಸೋಮವಾರ ರಾತ್ರಿ ವಿಲೇಜ್ ವ್ಯಾನ್‌ಗಾರ್ಡ್ ಎಂಬ ನೆಲಮಾಳಿಗೆಯ ಕ್ಲಬ್ಬಿನಲ್ಲಿ ನುಡಿಸುತ್ತಿತ್ತು. ಟಿ.ವಿ.ಯ ಸಂಬಳ ಹೊಟ್ಟೆಗೆ, ಸೋಮವಾರದ ಕ್ಲಬ್ಬು ಮನಸ್ಸಿಗೆ. ಆ ಜೋಡಣೆ ಈಗ ಒಡೆಯಿತು.

ಡಾಕ್ ಹೋದರು. ಯಂಗ್ ಹೋದರು. ಶಾನೆಸಿ, ಪಿಯಾನೋದ ರಾಸ್ ಟಾಮ್‌ಕಿನ್ಸ್, ಸಹಾಯಕ ನಿರ್ದೇಶಕ ಟಾಮಿ ನ್ಯೂಸಮ್ ಹೋದರು. ಹಲವರು ಊರು ಬಿಡಲೊಲ್ಲದೆ ಉಳಿದರು. ಉಳಿದವರಲ್ಲಿ ಕ್ಲಾರ್ಕ್ ಟೆರಿ ಒಬ್ಬರು. ಅವರು ಸ್ವಂತ ತಂಡ ಕಟ್ಟಿ, ಶಾಲೆ ಕಾಲೇಜುಗಳ ಹುಡುಗರಿಗೆ ಪಾಠ ಹೇಳುತ್ತ ಬೇರೆಯದೇ ದಾರಿ ಹಿಡಿದರು.

ಇದಕ್ಕಿಂತ ದೊಡ್ಡ ನಷ್ಟ ಸದ್ದಿಲ್ಲದೆ ಆಯಿತು. ಆಗ ವಿಡಿಯೋ ಟೇಪು ಎರಡಂಗುಲ ಅಗಲದ, ಭಾರವಾದ, ದುಬಾರಿ ಸಾಮಗ್ರಿ. ಒಮ್ಮೆ ಪ್ರಸಾರವಾದದ್ದನ್ನು ಅಳಿಸಿ ಅದರ ಮೇಲೆಯೇ ಇನ್ನೊಂದನ್ನು ಮುದ್ರಿಸುವುದು ವಾಹಿನಿಗಳ ರೂಢಿ. ಹಾಗೆ 1962ರಿಂದ 1972ರವರೆಗಿನ ಕಾರ್ಸನ್ ಕಾರ್ಯಕ್ರಮದ ಬಹುಪಾಲು ಟೇಪುಗಳು ಅಳಿಸಿಹೋದವು. ಮೊಟ್ಟಮೊದಲ ರಾತ್ರಿಯದೂ ಧ್ವನಿ ಮಾತ್ರ ಉಳಿದಿದೆ, ಚಿತ್ರವಿಲ್ಲ. ನ್ಯೂಯಾರ್ಕಿನ ಆ ಹತ್ತು ವರ್ಷ ಡಾಕ್, ಟೆರಿ, ಯಂಗ್ ಮೂವರೂ ಒಂದೇ ವೃಂದದಲ್ಲಿದ್ದ ಕಾಲ. ಅಂಥ ಟ್ರಂಪೆಟ್ ಸಾಲು ಟೆಲಿವಿಷನ್ನಿನಲ್ಲಿ ಮತ್ತೆ ಕಾಣಲಿಲ್ಲ. ಬಾಕಿ ಉಳಿದಿರುವ ತುಣುಕುಗಳನ್ನು ನೋಡುವಾಗ, ನಿರೂಪಕನ ಹೆಗಲ ಹಿಂದೆ ಒಂದರೆ ಕ್ಷಣ ಟೆರಿಯವರ ಮುಖ ಹಾದುಹೋದರೂ ನಾನು ನಿಲ್ಲಿಸಿ ಹಿಂದಕ್ಕೆ ತಿರುಗಿಸುತ್ತೇನೆ.

ಬರ್‌ಬ್ಯಾಂಕಿನ ಇಪ್ಪತ್ತು ವರ್ಷಗಳ ವೃಂದ ಬೇರೆ ಹದದ್ದು. ಪಶ್ಚಿಮ ಕರಾವಳಿಯ ಸ್ಟುಡಿಯೋ ವಾದಕರು ಬಂದು ಸೇರಿದರು. ಟ್ರಂಪೆಟ್ಟಿಗೆ ಕಾಂಟೆ ಕಾಂಡೋಲಿ, ಸ್ಯಾಕ್ಸೊಫೋನಿಗೆ ಪೀಟ್ ಕ್ರಿಸ್ಟ್‌ಲೀಬ್ ಮತ್ತು ಎರ್ನಿ ವಾಟ್ಸ್. ಟಾಮಿ ನ್ಯೂಸಮ್ ಅಚ್ಚುಕಟ್ಟಾದ ವಾದ್ಯ ಸಂಯೋಜನೆಗಳನ್ನು ಬರೆದರು. ಕಂದು ಬಣ್ಣದ ಸೂಟು, ಭಾವವಿಲ್ಲದ ಮುಖ. ಕಾರ್ಸನ್ ಅವರನ್ನು ‘ಮಿಸ್ಟರ್ ಎಕ್ಸೈಟ್‌ಮೆಂಟ್’ ಎಂದು ರೇಗಿಸುತ್ತಿದ್ದರು. ಜನ ನಕ್ಕರು. ಜಾಹೀರಾತಿನ ವೇಳೆ ಸ್ಟುಡಿಯೋ ತುಂಬುತ್ತಿದ್ದ ಸಂಗೀತದಲ್ಲಿ ಎಷ್ಟೋ ಭಾಗ ಆ ಸದ್ದಿಲ್ಲದ ಮನುಷ್ಯನ ಲೇಖನಿಯದು ಎಂಬುದು ನಕ್ಕವರಿಗೆ ಗೊತ್ತಿರಲಿಲ್ಲ.

ಈ ವಾದಕರ ಶಕ್ತಿ ಎಷ್ಟಿತ್ತು ಎಂಬುದಕ್ಕೆ ಒಂದು ಘಟನೆ ಸಾಕು. ಸ್ಟೀಲಿ ಡ್ಯಾನ್ ಎಂಬ ರಾಕ್ ತಂಡದ ಜೋಡಿ ವಾಲ್ಟರ್ ಬೆಕರ್ ಮತ್ತು ಡೊನಾಲ್ಡ್ ಫೇಗನ್ ಒಂದು ಹಾಡಿಗೆ ಸ್ಯಾಕ್ಸೊಫೋನ್ ವಾದಕನನ್ನು ಹುಡುಕುತ್ತಿದ್ದರು. ಟಿ.ವಿ.ಯಲ್ಲಿ ಈ ಕಾರ್ಯಕ್ರಮ ನೋಡುವಾಗ ಜಾಹೀರಾತಿಗೆ ಮುಂಚಿನ ಆ ಕೆಲವು ಸೆಕೆಂಡುಗಳಲ್ಲಿ ಒಂದು ದನಿ ಅವರ ಕಿವಿ ಸೆಳೆಯಿತು. ಅದು ಕ್ರಿಸ್ಟ್‌ಲೀಬ್. ಕರೆ ಹೋಯಿತು. ಕ್ರಿಸ್ಟ್‌ಲೀಬ್ ಒಂದು ಸಂಜೆ ಕಾರ್ಸನ್ ಕಾರ್ಯಕ್ರಮದ ಚಿತ್ರೀಕರಣ ಮುಗಿಸಿಕೊಂಡು ಹಾಗೇ ಧ್ವನಿಮುದ್ರಣಕ್ಕೆ ಹೋದರು. ಹಾಡನ್ನು ಕೇಳಿಸಿಕೊಂಡರು, ಒಂದೆರಡು ಸುತ್ತು ನುಡಿಸಿದರು, ಮನೆಗೆ ಹೊರಟರು. 1977ರ ‘ಏಜಾ’ ಧ್ವನಿಸುರುಳಿಯ ‘ಡೀಕನ್ ಬ್ಲೂಸ್’ ಹಾಡಿನಲ್ಲಿರುವ ಸ್ಯಾಕ್ಸೊಫೋನ್ ಅದೇ. ಸಂಗೀತಪ್ರಿಯರು ಇಂದಿಗೂ ತಲೆದೂಗುವ ಆ ಭಾಗ ಅವರಿಗೆ ಆ ದಿನದ ಎರಡನೇ ಪಾಳಿಯ ಕೆಲಸ. ಎರ್ನಿ ವಾಟ್ಸ್ 1981ರಲ್ಲಿ ರೋಲಿಂಗ್ ಸ್ಟೋನ್ಸ್ ಜೊತೆ ಪ್ರವಾಸ ಹೋಗಿಬಂದರು. ಟಿ.ವಿ. ವೃಂದದವರೆಂದರೆ ಸುಸ್ತಾದ ಗುಮಾಸ್ತರು ಎಂಬ ಭಾವನೆ ಜಾಜ್ ವಿಮರ್ಶಕರಲ್ಲಿತ್ತು. ಆ ಕಾಲದ ಮುದ್ರಿಕೆಗಳನ್ನು ಕೇಳಿದವರು ಅದನ್ನು ಒಪ್ಪಲಾರರು.

ನೆಲ ಮಾತ್ರ ಕಾಲಡಿಯಿಂದ ಜಾರುತ್ತಿತ್ತು. ಅರವತ್ತರ ದಶಕದಲ್ಲಿ 105 ನಿಮಿಷವಿದ್ದ ಕಾರ್ಯಕ್ರಮ 1967ರಲ್ಲಿ 90 ನಿಮಿಷಕ್ಕೆ, 1980ರಲ್ಲಿ 60 ನಿಮಿಷಕ್ಕೆ ಇಳಿಯಿತು. 105 ನಿಮಿಷದ ದಿನಗಳಲ್ಲಿ, 1965ರ ಹೊತ್ತಿಗೆ, ಮೊದಲ ಕಾಲು ಗಂಟೆಯನ್ನು ಹೆಂಡರ್ಸನ್ ಮತ್ತು ಉದ್ಘೋಷಕ ಎಡ್ ಮ್ಯಾಕ್‌ಮಹನ್ ಇಬ್ಬರೇ ನಡೆಸುವ ವ್ಯವಸ್ಥೆಯೂ ಇತ್ತು. ಸಮಯ ಕತ್ತರಿಸಿದಾಗಲೆಲ್ಲ ಸಂಗೀತದ ಪಾಲೂ ಕತ್ತರಿಸಿಹೋಯಿತು. 1982ರ ಫೆಬ್ರವರಿ 1ರಂದು ಅದೇ ಎನ್‌ಬಿಸಿಯಲ್ಲಿ, ಕಾರ್ಸನ್ ಮುಗಿದ ಬೆನ್ನಿಗೆ, ಕಾರ್ಸನ್‌ರ ಕಂಪನಿಯೇ ನಿರ್ಮಿಸಿದ ಡೇವಿಡ್ ಲೆಟರ್‌ಮನ್ ಕಾರ್ಯಕ್ರಮ ಶುರುವಾಯಿತು. ಅಲ್ಲಿ ಪಾಲ್ ಶಾಫರ್ ಸೇರಿ ನಾಲ್ಕೇ ಜನ. ಕೀಬೋರ್ಡು, ಗಿಟಾರು, ಬಾಸ್, ಡ್ರಮ್ಸ್. ನುಡಿಸುವುದು ರಾಕ್ ಮತ್ತು ಸೋಲ್. ಯುವಕರಿಗೆ ಅದು ಹಿಡಿಸಿತು, ಲೆಕ್ಕ ಬರೆಯುವವರಿಗೂ ಹಿಡಿಸಿರಬೇಕು. ಒಂದೇ ರಾತ್ರಿ, ಒಂದೇ ವಾಹಿನಿಯಲ್ಲಿ, ಒಂದರ ಹಿಂದೊಂದು ಎರಡು ಯುಗಗಳು ಬರುತ್ತಿದ್ದವು.

ಮುಳುಗುವ ಹೊತ್ತಿಗೆ ಮನ್ನಣೆ ಬಂತು. 1986ರಲ್ಲಿ ವೃಂದ ಆ್ಯಮ್‌ಹರ್ಸ್ಟ್ ಎಂಬ ಸಣ್ಣ ಕಂಪನಿಗಾಗಿ ಒಂದು ಮುದ್ರಿಕೆ ಮಾಡಿತು. ಜಾಹೀರಾತಿನ ಹಂಗಿಲ್ಲದೆ, ಮೊದಲ ಸ್ವರದಿಂದ ಕೊನೆಯ ಸ್ವರದವರೆಗೆ. ಹಳೆಯ ಬಿಗ್ ಬ್ಯಾಂಡುಗಳ ಕೃತಿಗಳೇ ಅದರಲ್ಲಿ ಹೆಚ್ಚು, ‘ಜಾನೀಸ್ ಥೀಮ್’ ಕೂಡ ಇದೆ. ಅದಕ್ಕೆ 1987ರಲ್ಲಿ ಬಿಗ್ ಬ್ಯಾಂಡ್ ಜಾಜ್ ವಿಭಾಗದ ಗ್ರ್ಯಾಮಿ ಪ್ರಶಸ್ತಿ ಬಂತು. ಇಪ್ಪತ್ತು ವರ್ಷ ಕಣ್ಣೆದುರಿಗಿದ್ದವರನ್ನು ದೇಶ ಅಂದು ಕಿವಿಗೊಟ್ಟು ಕೇಳಿತು.

1992ರ ಮೇ 21ರ ರಾತ್ರಿ, ಕೊನೆಯ ಕಾರ್ಯಕ್ರಮಕ್ಕೆ ಒಂದು ದಿನ ಮೊದಲು, ಗಾಯಕಿ ಬೆಟ್ ಮಿಡ್ಲರ್ ಬಂದರು. ಮಾತಿನ ನಡುವೆ ಕಾರ್ಸನ್‌ರಿಗೆ ಇಷ್ಟವಾದ ‘ಹಿಯರ್ಸ್ ದಟ್ ರೇನಿ ಡೇ’ ಹಾಡನ್ನು ಎತ್ತಿಕೊಂಡರು, ಕಾರ್ಸನ್ ದನಿಗೂಡಿಸಿದರು. ಆಮೇಲೆ ಅವರಿಗಾಗಿ ‘ಒನ್ ಫಾರ್ ಮೈ ಬೇಬಿ’ ಹಾಡಿದರು. ಕಣ್ಣು ತುಂಬಿಕೊಂಡ ಕಾರ್ಸನ್‌ರ ಮುಖ ಎಲ್ಲರಿಗೂ ನೆನಪಿದೆ. ಮರುದಿನದ ಕೊನೆಯ ಕಾರ್ಯಕ್ರಮವನ್ನು ಸುಮಾರು 5 ಕೋಟಿ ಜನ ನೋಡಿದರು. ಮೇ 25ರಂದು ಜೇ ಲೆನೊ ಬಂದರು, ಅವರ ಜೊತೆ ಸ್ಯಾಕ್ಸೊಫೋನಿನ ಬ್ರ್ಯಾನ್‌ಫರ್ಡ್ ಮಾರ್ಸಲಿಸ್ ಮತ್ತು ಒಂದು ಚಿಕ್ಕ ತಂಡ. ಮಾರ್ಸಲಿಸ್ ಶ್ರೇಷ್ಠ ಕಲಾವಿದರು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ವಾರಾಂತ್ಯದಲ್ಲಿ ಅಮೆರಿಕದ ವಾಣಿಜ್ಯ ಟೆಲಿವಿಷನ್ನಿನಿಂದ ಪ್ರತಿ ರಾತ್ರಿಯ ಬಿಗ್ ಬ್ಯಾಂಡ್ ಜಾಜ್ ಇಲ್ಲವಾಯಿತು. ಜರ್ಮನಿಯ ಕಲೋನ್‌ನ ಡಬ್ಲ್ಯುಡಿಆರ್‌ನಂಥ ಸಾರ್ವಜನಿಕ ಪ್ರಸಾರ ಸಂಸ್ಥೆಗಳು ಇಂದಿಗೂ ಸಂಬಳ ಕೊಟ್ಟು ಇಂಥ ವೃಂದಗಳನ್ನು ಸಾಕುತ್ತಿವೆ. ಜಾಜ್ ಹುಟ್ಟಿದ ದೇಶದ ಟೆಲಿವಿಷನ್ನಿಗೆ ಅದು ಬೇಡವಾಯಿತು.

ಡಾಕ್ ಹಳೆಯ ಗೆಳೆಯರನ್ನು ಕೂಡಿಸಿಕೊಂಡು ಪ್ರವಾಸ ಹೊರಟರು. ಆಮೇಲೆ ಮೆಕ್ಸಿಕೋದ ಸಾನ್ ಮಿಗೆಲ್ ದೆ ಅಯೆಂದೆ ಎಂಬ ಊರಿಗೆ ಹೋಗಿ ನೆಲೆಸಿ, ಎಂಬತ್ತರ ಅಂಚಿನಲ್ಲಿ ಅಲ್ಲಿಯ ಗಿಟಾರ್ ವಾದಕರ ಜೊತೆ ಹೊಸ ತಂಡ ಕಟ್ಟಿದರು. ಸ್ನೂಕಿ ಯಂಗ್‌ಗೆ 2009ರಲ್ಲಿ, ತೊಂಬತ್ತರ ವಯಸ್ಸಿನಲ್ಲಿ, ಸರ್ಕಾರದ ಜಾಜ್ ಮಾಸ್ಟರ್ ಗೌರವ ಬಂತು. ಎರಡು ವರ್ಷದ ನಂತರ ಅವರು ತೀರಿಕೊಂಡರು.

ಕ್ಲಾರ್ಕ್ ಟೆರಿ ಕೊನೆಯ ವರ್ಷಗಳನ್ನು ಅರ್ಕಾನ್ಸಾದ ಪೈನ್ ಬ್ಲಫ್‌ನಲ್ಲಿ ಕಳೆದರು. ಸಕ್ಕರೆ ಕಾಯಿಲೆ ಕಾಲುಗಳನ್ನು ಕಿತ್ತುಕೊಂಡಿತು, ಕಣ್ಣು ಮಂಜಾಯಿತು. 2014ರ ಒಂದು ಸಾಕ್ಷ್ಯಚಿತ್ರದಲ್ಲಿ ಅವರನ್ನು ಕಾಣಬಹುದು. ಮಂಚದ ಮೇಲೆ ಟೆರಿ, ಪಕ್ಕದಲ್ಲಿ ಜಸ್ಟಿನ್ ಕಾಫ್ಲಿನ್ ಎಂಬ ಅಂಧ ಪಿಯಾನೋ ವಾದಕ, ಇಪ್ಪತ್ತರ ಹುಡುಗ. ರಾತ್ರಿ ಬಹಳ ಹೊತ್ತಾಗಿದೆ. ಗುರುವಿಗೆ ಟ್ರಂಪೆಟ್ ಹಿಡಿಯುವ ಶಕ್ತಿಯಿಲ್ಲ. ಆದ್ದರಿಂದ ಬಾಯಲ್ಲೇ ಸೊಲ್ಲುಗಳನ್ನು ಕಟ್ಟಿ ಹೇಳುತ್ತಾರೆ, ‘ಡೂಡ್ಲ್’ ‘ಡಾಡ್ಲ್’ ಎಂದು, ನಮ್ಮ ಮೃದಂಗದ ಮೇಷ್ಟರು ಸೊಲ್ಕಟ್ಟು ಹೇಳಿಕೊಡುವಂತೆಯೇ. ಹುಡುಗ ತಿರುಗಿ ಹೇಳುತ್ತಾನೆ. ಗುರು ತಲೆಯಾಡಿಸಿ, ಇನ್ನೊಮ್ಮೆ, ಸ್ವಲ್ಪ ನಿಧಾನಕ್ಕೆ ಹೇಳುತ್ತಾರೆ. ಹುಡುಗನಿಗೆ ಬರುವವರೆಗೂ ಪಾಠ ನಡೆಯುತ್ತದೆ.